ಪೇಪರ್ ಬ್ಯಾಲೆಟ್ ಬೇಕು ಅಂತೀರಲ್ಲ, ಆಮೇಲೆ ಅದನ್ನ ಎಲ್ಲಿ ಇಡ್ತೀರಾ?

(1/6)
ಹೋದ ವರ್ಷ ನಮ್ಮ ಕ್ಲಾಸಿನ ಸಿಆರ್ ಎಲೆಕ್ಷನ್ ನೆನಪಿದೆ ತಾನೆ? ಮೂರೇ ಮೂರು ವೋಟಲ್ಲಿ ಒಬ್ಬ ಗೆದ್ದ. ಸೋತವಳು ಮರುದಿನ ಬಂದು "ಇನ್ನೊಂದ್ಸಲ ಎಣಿಸಿ ಸರ್" ಅಂದ್ಲು. ಎಣಿಸೋಕೆ ಚೀಟಿಗಳೇ ಇರಲಿಲ್ಲ. ಸಂಜೆ ಕಸ ಗುಡಿಸುವಾಗ ಬುಟ್ಟಿ ಸೇರಿದ್ವು. ಗೆದ್ದವನು ಮೋಸ ಮಾಡಿರಲಿಲ್ಲ, ನಾನೇ ಎಣಿಕೆಗೆ ಕೂತಿದ್ದೆ. ಆದ್ರೆ ಅದನ್ನ ತೋರಿಸೋಕೆ ಅವನ ಹತ್ರ ಏನೂ ಉಳಿದಿರಲಿಲ್ಲ. ವರ್ಷಪೂರ್ತಿ "ಕಸದಬುಟ್ಟಿ ಸಿಆರ್" ಅನ್ನಿಸ್ಕೊಂಡೇ ಓಡಾಡಿದ ಪಾಪ.

(2/6)
2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ ಸ್ಥಳೀಯ ಸಂಸ್ಥೆ ಚುನಾವಣೆಗೆ ಬ್ಯಾಲೆಟ್ ಪೇಪರ್ ಬಳಸಿ ಅಂತ ಶಿಫಾರಸು ಮಾಡಿತು. ಅವತ್ತಿಂದ ನಮ್ಮ ಗ್ರೂಪಲ್ಲಿ ಎರಡೇ ಬಣ. "ಪೇಪರ್ ಬಂದ್ರೆ ಎಲ್ಲಾ ಸರಿಹೋಗುತ್ತೆ" ಅನ್ನೋರು ಒಂದು ಕಡೆ. "ರಿಸಲ್ಟ್ ಬಂತಲ್ಲ, ಮುಗೀತು, ಇನ್ನೇನು ಪೇಪರ್" ಅನ್ನೋರು ಇನ್ನೊಂದು ಕಡೆ. ನನ್ನ ಜಗಳ ಇಬ್ಬರ ಜೊತೆಗೂ. ಮೊದಲು ಪೇಪರ್ ಭಕ್ತರ ಹತ್ರ ಬರ್ತೀನಿ.

(3/6)
ಆಸ್ಟ್ರೇಲಿಯಾ. 2013ರ ಸೆಪ್ಟೆಂಬರ್ 7, ರಾಷ್ಟ್ರೀಯ ಚುನಾವಣೆ. ಅಲ್ಲಿ ಪೇಪರ್ ಬ್ಯಾಲೆಟ್ಟೇ. ಪಶ್ಚಿಮ ಆಸ್ಟ್ರೇಲಿಯಾದಿಂದ ಸೆನೆಟ್‌ಗೆ 6 ಸೀಟು, ಸುಮಾರು 13 ಲಕ್ಷ ಮತ. ಅವರದು ಪ್ರಾಶಸ್ತ್ಯದ ಎಣಿಕೆ, ಕಡಿಮೆ ಮತ ಬಂದವರನ್ನ ಒಬ್ಬೊಬ್ಬರಾಗಿ ಕೈಬಿಡ್ತಾ ಹೋಗ್ತಾರೆ. ನಡುವೆ ಒಂದು ಹಂತದಲ್ಲಿ ಎರಡು ಪುಟಾಣಿ ಪಕ್ಷಗಳ ಮಧ್ಯೆ ಬರೀ 14 ಮತದ ಅಂತರ. ಇಬ್ಬರಲ್ಲಿ ಯಾರು ಹೊರಗೆ ಹೋಗ್ತಾರೆ ಅನ್ನೋದರ ಮೇಲೆ ಕೊನೆಯ ಎರಡು ಸೀಟು ನಿಂತಿತ್ತು. ಮರುಎಣಿಕೆ ಮಾಡಿದ್ರು. ಈಗ 12 ಮತದಿಂದ ಉಲ್ಟಾ! ಆ ಎರಡು ಸೀಟಿಗೆ ಬೇರೆ ಇಬ್ಬರು ಬಂದ್ರು.

ಆದ್ರೆ ಮರುಎಣಿಕೆ ಮಾಡುವಾಗಲೇ ಗೊತ್ತಾಗಿದ್ದು, 1,370 ಬ್ಯಾಲೆಟ್‌ಗಳು ನಾಪತ್ತೆ. ಮೊದಲ ಸಲ ಎಣಿಸಿದ್ದವು, ಲೆಕ್ಕ ಬರೆದಿಟ್ಟಿದ್ದವು, ಈಗ ಇಲ್ಲ. ಫೆಡರಲ್ ಪೊಲೀಸ್‌ನ ಮಾಜಿ ಮುಖ್ಯಸ್ಥ ಮಿಕ್ ಕೀಲ್ಟಿ ಅವರನ್ನೇ ತನಿಖೆಗೆ ಕರೆದ್ರು. ಎಲ್ಲಿ ಹೋದ್ವು ಅಂತ ಅವರಿಗೂ ಖಚಿತವಾಗಿ ಹೇಳೋಕೆ ಆಗಲಿಲ್ಲ. ಸಿಕ್ಕಿದ್ದು ಗೋದಾಮು ನೋಡ್ಕೊಳ್ಳೋದರಲ್ಲಿ ಬೇಜವಾಬ್ದಾರಿ. ಬಂದೂಕು ಹಿಡಿದ ಬೂತ್ ಕಳ್ಳರು ಯಾರೂ ಇರಲಿಲ್ಲ ನೋಡಿ. "ಹಳೇ ಲೆಕ್ಕ ಇದೆಯಲ್ಲ, ಅದನ್ನೇ ಸೇರಿಸಿ" ಅನ್ನೋ ವಾದವನ್ನ ಕೋರ್ಟ್ ಒಪ್ಪಲಿಲ್ಲ. 2014ರ ಫೆಬ್ರವರಿಯಲ್ಲಿ ಆರೂ ಸೀಟಿನ ಚುನಾವಣೆ ರದ್ದು, ಏಪ್ರಿಲ್ 5ಕ್ಕೆ ಇಡೀ ರಾಜ್ಯ ಮತ್ತೆ ಕ್ಯೂನಲ್ಲಿ. ಖರ್ಚು ಸುಮಾರು 2 ಕೋಟಿ ಆಸ್ಟ್ರೇಲಿಯನ್ ಡಾಲರ್. ಚುನಾವಣಾ ಆಯುಕ್ತರು ರಾಜೀನಾಮೆ ಕೊಟ್ರು.

ಕೊಡೋದೂ ಸರಿನೇ ಬಿಡಿ.

(4/6)
ಅದು ಅಸಡ್ಡೆಯ ಕಥೆ. ಇರಾಕ್‌ದು ಇನ್ನೊಂದು ಥರ. 2018ರ ಮೇ 12ಕ್ಕೆ ಮತದಾನ, ಫಲಿತಾಂಶದ ಮೇಲೆ ಗಲಾಟೆ, ಜೂನ್‌ನಲ್ಲಿ ಸಂಸತ್ತು ಕೈಯಿಂದ ಮರುಎಣಿಕೆಗೆ ಆದೇಶ ಮಾಡಿತು. ಕೆಲವೇ ದಿನ. ಜೂನ್ 10ಕ್ಕೆ ಬಾಗ್ದಾದ್‌ನಲ್ಲಿ ಮತಪೆಟ್ಟಿಗೆ ಇಟ್ಟಿದ್ದ ಗೋದಾಮಿಗೇ ಬೆಂಕಿ.

ಪೇಪರ್ ಸಾಕ್ಷಿ ನಿಜ. ಆದ್ರೆ ಕಾವಲಿಲ್ಲದ ಸಾಕ್ಷಿ ಎಷ್ಟು ದಿನ ಬದುಕುತ್ತೆ, ನೀವೇ ಹೇಳಿ.

(5/6)
ಈಗ "ಮುಗೀತಲ್ಲ" ಬಣದ ಸರದಿ. ನಮ್ಮಲ್ಲೂ ಪೇಪರ್ ಇದೆ ಗುರು. ಇವಿಎಂ ಪಕ್ಕದ ವಿವಿಪ್ಯಾಟ್‌ನಲ್ಲಿ 7 ಸೆಕೆಂಡ್ ಕಾಣ್ಸಿ ಡಬ್ಬಿಗೆ ಬೀಳುತ್ತಲ್ಲ, ಆ ಚೀಟಿ. ಒಂದೊಂದು ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಯ ಚೀಟಿ ಮಾತ್ರ ಎಣಿಸ್ತಾರೆ. ಉಳಿದವು ಸೀಲ್ ಆಗಿ ಒಳಗೆ. 1961ರ ಚುನಾವಣಾ ನಿಯಮಾವಳಿಯ 93ನೇ ನಿಯಮದ ಪ್ರಕಾರ ಕೋರ್ಟ್ ಆದೇಶ ಇಲ್ಲದೆ ಆ ಪ್ಯಾಕೆಟ್ ತೆರೆಯೋ ಹಾಗಿಲ್ಲ. 94ನೇ ನಿಯಮದಲ್ಲಿ ಒಂದು ವರ್ಷ ಇಡಬೇಕು ಅಂತಿದೆ. ಕಸ್ಟಡಿ ಜಿಲ್ಲಾ ಚುನಾವಣಾಧಿಕಾರಿದು, ಅಂದ್ರೆ ನಮ್ಮ ಡಿಸಿ ಸಾಹೇಬ್ರದು.

ಆದ್ರೆ 2019ರಲ್ಲಿ ಏನಾಯ್ತು? ಮೇ 23ಕ್ಕೆ ಲೋಕಸಭೆ ಫಲಿತಾಂಶ. ಸೆಪ್ಟೆಂಬರ್‌ನಲ್ಲೇ ಚೀಟಿಗಳನ್ನ ವಿಲೇವಾರಿ ಮಾಡಿ ಅಂತ ಆಯೋಗದಿಂದ ಪತ್ರ ಹೋಗಿತ್ತು. ಆರ್‌ಟಿಐ ಹಾಕಿದ ಮೇಲೆ ಹೊರಗೆ ಬಂದ ವಿಷಯ ಇದು. ನಾಲ್ಕು ತಿಂಗಳು ಎಲ್ಲಿ, ಒಂದು ವರ್ಷ ಎಲ್ಲಿ! 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಚೀಟಿ ಎಣಿಸೋ ಬೇಡಿಕೆಯನ್ನ ತಳ್ಳಿಹಾಕಿತು, ಒಪ್ಕೊಳ್ಳೋಣ. ಆದ್ರೆ ಅದೇ ಥರ್ಮಲ್ ಪೇಪರ್‌ಗೆ ಅಚ್ಚು 5 ವರ್ಷ ಅಳಿಸದೆ ಇರೋ ಹಾಗೆ ಲೇಪ ಹಾಕಿರ್ತಾರಂತೆ. ಎಟಿಎಂ ಚೀಟಿ ಥರ ವಾರಕ್ಕೆ ಬೆಳ್ಳಗಾಗಲ್ಲ. 5 ವರ್ಷ ಬಾಳೋ ಚೀಟಿ ಮಾಡಿಸಿ, ನಾಲ್ಕು ತಿಂಗಳಿಗೆ ಚೂರು ಮಾಡೋ ಅವಸರ ಯಾಕೆ?

"ತಕರಾರು ಅರ್ಜಿಗೆ 45 ದಿನ ಇತ್ತಲ್ಲ, ಆಮೇಲೆ ಯಾರಿಗೆ ಬೇಕು" ಅಂತ ಒಬ್ಬ ಗೆಳೆಯ ಕೇಳಿದ. ಕೋರ್ಟಿಗೆ ಬೇಡದೆ ಇರಬಹುದು ಮಗಾ. ಆದ್ರೆ ಆ ನಿಯಮ ಬರೆದವರಿಗೂ 45 ದಿನದ ಲೆಕ್ಕ ಗೊತ್ತಿತ್ತು. ಗೊತ್ತಿದ್ದೂ ಒಂದು ವರ್ಷ ಅಂತ ಬರೆದ್ರು.

ಮಷೀನ್ ಹ್ಯಾಕ್ ಆಗಿದೆ ಅಂತ ನಾನು ಎಲ್ಲೂ ಹೇಳ್ತಿಲ್ಲ, ಕಾಮೆಂಟಲ್ಲಿ ಅದನ್ನ ನನ್ನ ಬಾಯಿಗೆ ತುರುಕಬೇಡಿ. ಹ್ಯಾಕ್ ಆಗಿಲ್ಲ ಅಂತ ಎದೆ ತಟ್ಟಿ ಹೇಳೋರಿಗೇ ಆ ಚೀಟಿ ಹೆಚ್ಚು ಬೇಕಾಗಿದ್ದು.

(6/6)
ಹಾಗಾಗಿ ಬ್ಯಾಲೆಟ್ಟೋ ಮಷೀನೋ ಅನ್ನೋ ರೀಲ್ಸ್ ಸ್ವಲ್ಪ ನಿಲ್ಸಿ. ಕೀಲಿ ಯಾರ ಹತ್ರ ಇದೆ, ಬಾಗಿಲು ತೆಗೆದಾಗ ಪುಸ್ತಕದಲ್ಲಿ ಯಾರು ಸಹಿ ಹಾಕಿದ್ರು, ನಾಶ ಮಾಡಿದ ದಿನ ಪಕ್ಷದವರನ್ನ ಕರೆದ್ರಾ, ಇದನ್ನ ಕೇಳಿ. 2024ರ ಚೀಟಿಗಳು ನಮ್ಮ ಜಿಲ್ಲೆಯಲ್ಲಿ ಎಷ್ಟು ದಿನ ಇದ್ವು ಅಂತ ನಾನು ಡಿಸಿ ಆಫೀಸಿಗೆ ಆರ್‌ಟಿಐ ಬರೀತಿದೀನಿ. ಫೀಸು 10 ರೂಪಾಯಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರೋ ಹಾಗಿಲ್ಲ, ಈ ಕ್ಯಾಪ್ಷನ್ ಥರ ಕೊರೆಯೋಕೆ ಆಗಲ್ಲ 😅 ಅರ್ಜಿಯ ಮಾದರಿ ಸ್ಟೋರಿಯಲ್ಲಿ ಹಾಕ್ತೀನಿ, ನಿಮ್ಮ ಜಿಲ್ಲೆ ಹೆಸರು ಬದಲಿಸಿ ಕಳಿಸಿ. ಉತ್ತರ ಬಂದ್ರೆ ಟ್ಯಾಗ್ ಮಾಡಿ, ಬರದಿದ್ರೂ ಮಾಡಿ.

#ಚೀಟಿಎಲ್ಲಿ #ಒಂದುವರ್ಷ #ಮತದಲೆಕ್ಕ