ಶಾಸ್ತ್ರದಾನದ ಬಾಕಿ ಲೆಕ್ಕ

ತಮಿಳಿನಲ್ಲಿ ಶಾಲೆಗೆ ‘ಪಳ್ಳಿ’ ಎನ್ನುತ್ತಾರೆ. ಹಳೆಯ ಶಾಸನಗಳಲ್ಲಿ ಇದೇ ಪದ ಜೈನ ಮತ್ತು ಬೌದ್ಧ ಮುನಿಗಳ ವಸತಿಯನ್ನು ಸೂಚಿಸುತ್ತದೆ. ಆದರೆ ಕೋಡಂಬಾಕ್ಕಂನಂತಹ ಬಡಾವಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಕ್ಕೆ ಇಂದು ಪಾಲಿಕೆಯ ಪಳ್ಳಿಯೆಂದರೆ ದಿನವೂ ದಾಟಿ ಹೋಗುವ ಒಂದು ಗೋಡೆ ಮಾತ್ರ. ಮನೆಯ ಮಕ್ಕಳು ಖಾಸಗಿ ಶಾಲೆಯ ವಾಹನ ಹತ್ತುತ್ತಾರೆ. ಆ ವಾಹನದ ಚಾಲಕನ, ಅಂಗಡಿಯ ಸಹಾಯಕನ, ಮನೆಗೆಲಸಕ್ಕೆ ಬರುವ ಹೆಂಗಸಿನ ಮಕ್ಕಳು ಗೋಡೆಯ ಆಚೆ ಕುಳಿತು ಅಕ್ಷರ ಕಲಿಯುತ್ತಾರೆ.

ಆ ಮಕ್ಕಳ ಹಸಿವಿನ ವಿಷಯದಲ್ಲಿ ಈ ನಗರದ ದಾಖಲೆ ಹೆಮ್ಮೆ ಪಡುವಂಥದು. 1920ರಲ್ಲಿ ಮದ್ರಾಸು ನಗರಸಭೆ ಸರ್ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ನೇತೃತ್ವದಲ್ಲಿ ಥೌಸಂಡ್ ಲೈಟ್ಸ್‌ನ ಶಾಲೆಯೊಂದರಲ್ಲಿ ಊಟ ನೀಡತೊಡಗಿತು. ಕಾಮರಾಜರ ಕಾಲದಲ್ಲಿ ಅದು ರಾಜ್ಯದ ಯೋಜನೆಯಾಯಿತು. 2022ರಿಂದ ಪ್ರಾಥಮಿಕ ತರಗತಿಗಳ ಮಕ್ಕಳಿಗೆ ಬೆಳಗಿನ ಉಪಾಹಾರವೂ ಸೇರಿತು. ಜೈನ ಪರಂಪರೆಯ ನಾಲ್ಕು ದಾನಗಳಲ್ಲಿ ಆಹಾರದಾನವನ್ನು ಸರ್ಕಾರವೇ ವಹಿಸಿಕೊಂಡಿದೆ ಎನ್ನಬಹುದು. ಬಾಕಿ ಉಳಿದಿರುವುದು ಶಾಸ್ತ್ರದಾನ.

ಓದು ಎಂಬುದು ಅಕ್ಷರಮಾಲೆಯನ್ನು ಒಪ್ಪಿಸುವುದಲ್ಲ. ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಮಗು ಒಂದು ಪುಟ್ಟ ಕಥೆಯನ್ನು ತಾನೇ ಓದಿ, ಅರ್ಥ ಮಾಡಿಕೊಂಡು, ತನ್ನ ಮಾತಿನಲ್ಲಿ ಹೇಳುವಂತಾಗಬೇಕು. ಅಲ್ಲಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ. ಅನಂತರ ಓದಿ ಕಲಿಯಬೇಕಾಗುತ್ತದೆ. ಮೊದಲನೆಯದು ಕೈಗೂಡದಿದ್ದರೆ ಗಣಿತ, ವಿಜ್ಞಾನ, ಸಮಾಜ ಎಲ್ಲವೂ ಮುಚ್ಚಿದ ಬಾಗಿಲುಗಳೇ. ತಮಿಳುನಾಡು 2022ರಲ್ಲಿ ಆರಂಭಿಸಿದ ‘ಎಣ್ಣುಂ ಎಳುತ್ತುಂ’ ಯೋಜನೆಯ ಹಿಂದೆ ಈ ತಿಳಿವಳಿಕೆಯೇ ಇದೆ. ಮಕ್ಕಳನ್ನು ಕೇವಲ ತರಗತಿಯಿಂದ ಅಳೆಯದೆ, ಕಲಿತ ಮಟ್ಟಕ್ಕೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂಬ ಗುಂಪುಗಳಲ್ಲಿ ಕಲಿಸುವ ಕ್ರಮ ಅದು.

ರಾಜಕೀಯದ ಗದ್ದಲ ಮಾತ್ರ ಬೇರೆಡೆ ನಡೆದಿದೆ. 1968ರಿಂದ ರಾಜ್ಯದ್ದು ದ್ವಿಭಾಷಾ ನೀತಿ. ಕೇಂದ್ರದ 2020ರ ಶಿಕ್ಷಣ ನೀತಿ ಮೂರು ಭಾಷೆ ಎನ್ನುತ್ತದೆ. ಈ ಜಗ್ಗಾಟದಲ್ಲಿ ಸಮಗ್ರ ಶಿಕ್ಷಾ ಯೋಜನೆಯ 2,000 ಕೋಟಿ ರೂಪಾಯಿಗೂ ಮಿಕ್ಕಿದ ಹಣವನ್ನು ತಡೆಹಿಡಿಯಲಾಗಿದೆ ಎಂದು ರಾಜ್ಯವು 2025ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋಯಿತು. ಭಾಷೆಗಳು ಎರಡಿರಲಿ, ಮೂರಿರಲಿ. ಒಂದರಲ್ಲಾದರೂ ಮಗು ತಡೆಯಿಲ್ಲದೆ ಓದುತ್ತದೆಯೇ ಎಂಬ ಪ್ರಶ್ನೆಗೆ ಯಾವ ವೇದಿಕೆಯಲ್ಲಿಯೂ ಚಪ್ಪಾಳೆ ಬೀಳುವುದಿಲ್ಲ.

ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವ ಮಗು ತಮಿಳು ತರಗತಿಗೆ ಬಂದಾಗ ಎದುರಿಸುವ ತೊಡಕನ್ನು ಗಮನಿಸಬೇಕು. ಕನ್ನಡದಲ್ಲಿ ಕ, ಖ, ಗ, ಘ ಎಂದು ನಾಲ್ಕು ಅಕ್ಷರಗಳಿರುವಲ್ಲಿ ತಮಿಳಿನಲ್ಲಿ ಒಂದೇ ಅಕ್ಷರ. ‘ಗಾಳಿ’ಯನ್ನೂ ‘ಕಾಳಿ’ಯನ್ನೂ ತಮಿಳು ಲಿಪಿಯಲ್ಲಿ ಒಂದೇ ರೀತಿ ಬರೆಯಬೇಕು. ಆದಿಕವಿ ಪಂಪನ ಹೆಸರನ್ನು ಆ ಲಿಪಿಯಲ್ಲಿ ಬರೆದರೆ, ಅನುನಾಸಿಕದ ಮುಂದಿನ ‘ಪ’ಕಾರವನ್ನು ‘ಬ’ಕಾರವಾಗಿ ಉಚ್ಚರಿಸುವ ರೂಢಿಯಂತೆ, ‘ಪಂಬ’ ಎಂದೇ ಓದುತ್ತಾರೆ. ಇದು ಮಗುವಿನ ದಡ್ಡತನವಲ್ಲ. ಎರಡು ಲಿಪಿಗಳ ನಡುವಿನ ವ್ಯತ್ಯಾಸ. ಅದನ್ನು ಅರಿತ ಶಿಕ್ಷಕಿ ಎರಡು ಮಾತಿನಲ್ಲಿ ವಿವರಿಸುತ್ತಾಳೆ. ಅರಿಯದವಳು ಕೆಂಪು ಗೆರೆ ಎಳೆಯುತ್ತಾಳೆ. ತಮಿಳು ಮನೆಯ ಮಗುವಿಗೂ ದಾರಿ ಸುಗಮವಲ್ಲ. ಮನೆಯಲ್ಲಿ ‘ವಂದುಟ್ಟಾನ್’ ಎನ್ನುವ ಮಗು ಪುಸ್ತಕದಲ್ಲಿ ‘ವಂದುವಿಟ್ಟಾನ್’ ಎಂದು ಓದಬೇಕು. ಆದುದರಿಂದ ಮನೆಮಾತಿನಿಂದ ಪುಸ್ತಕದ ಮಾತಿಗೆ ಸೇತುವೆ ಎಲ್ಲ ಮಕ್ಕಳಿಗೂ ಬೇಕು: ಕಥೆ ಕೇಳುವುದು, ಕೇಳಿದ್ದನ್ನು ಹೇಳುವುದು, ಹೊಸ ಪದವನ್ನು ಮನೆಯ ಪದದೊಡನೆ ಹೊಂದಿಸುವುದು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಈರೋಡು ಜಿಲ್ಲೆಯ ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇರುವುದು ಕನ್ನಡಿಗರು ಅಲ್ಲಿ ಒಟ್ಟಾಗಿ ನೆಲೆಸಿರುವುದರಿಂದ. ಚದುರಿ ನೆಲೆಸಿದ ಕೋಡಂಬಾಕ್ಕಂನಲ್ಲಿ ಪ್ರತ್ಯೇಕ ಶಾಲೆ ಕಾರ್ಯಸಾಧ್ಯವಲ್ಲ. ಆದರೆ ತರಗತಿಯಲ್ಲಿ ಮನೆಮಾತಿಗೆ ಗೌರವದ ಸ್ಥಾನ ಕೊಡಿಸುವುದಕ್ಕೆ ಪ್ರತ್ಯೇಕ ಶಾಲೆಯ ಅಗತ್ಯವೂ ಇಲ್ಲ.

ಇಲ್ಲಿ ಸಮಾಜದ ಲೆಕ್ಕಪುಸ್ತಕವನ್ನು ತೆರೆಯಬೇಕಾಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ 1,500 ಜಿನಬಿಂಬಗಳನ್ನು ಮಾಡಿಸಿದಳು. ಜೊತೆಗೆ ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನೂ ಬರೆಯಿಸಿ ಹಂಚಿದಳು. ಬಿಂಬದ ಖಾತೆ ಇಂದಿಗೂ ಚಾಲ್ತಿಯಲ್ಲಿದೆ. ಪ್ರತಿಯ ಖಾತೆ ಬಹುತೇಕ ಸ್ಥಗಿತಗೊಂಡಿದೆ. ಪಂಚಕಲ್ಯಾಣ, ಜೀರ್ಣೋದ್ಧಾರ, ಕಲ್ಯಾಣಮಂಟಪಗಳಿಗೆ ದೇಣಿಗೆ ಸುಲಭವಾಗಿ ಹರಿದುಬರುತ್ತದೆ, ಏಕೆಂದರೆ ಅಲ್ಲಿ ಕಲ್ಲಿನ ಮೇಲೆ ಹೆಸರು ಉಳಿಯುತ್ತದೆ. ಓದಲು ಕಲಿತ ಮಗುವಿನ ಮೇಲೆ ದಾನಿಯ ಹೆಸರನ್ನು ಕೆತ್ತಲಾಗದು.

ಆಗಬೇಕಾದ ಕೆಲಸ ದೊಡ್ಡ ಮೊತ್ತದ್ದಲ್ಲ. ನ್ಯಾಸಗಳು ತಮ್ಮ ನ್ಯಾಸಪತ್ರದ ಉದ್ದೇಶಗಳಲ್ಲಿ ಶಿಕ್ಷಣವಿದೆಯೇ ಎಂದು ಮೊದಲು ಪರಿಶೀಲಿಸಲಿ. ಇದ್ದರೆ ವಾರ್ಷಿಕ ಮುಂಗಡಪತ್ರದಲ್ಲಿ ಶಾಸ್ತ್ರದಾನಕ್ಕೆ ಪ್ರತ್ಯೇಕ ಬಾಬತ್ತು ತೆರೆದು, ಕನಿಷ್ಠ ಐದು ವರ್ಷ ನಡೆಸುವ ನಿರ್ಣಯ ಕೈಗೊಳ್ಳಲಿ. ಒಂದರಿಂದ ಮೂರನೆಯ ತರಗತಿಯ ಪ್ರತಿ ಕೊಠಡಿಗೂ ತಮಿಳು, ಕನ್ನಡ, ತೆಲುಗು, ಉರ್ದು ಚಿತ್ರಪುಸ್ತಕಗಳ ಕಪಾಟು ಒದಗಲಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಇಂಥ ಕಥೆಗಳು ಮುಕ್ತ ಪರವಾನಗಿಯಲ್ಲಿ ದೊರೆಯುವುದರಿಂದ ಮುದ್ರಣದ ವೆಚ್ಚವೇ ಮುಖ್ಯ ವೆಚ್ಚ. ಮಹಿಳಾ ಸಮಾಜದ ಸದಸ್ಯೆಯರು, ಮುಖ್ಯೋಪಾಧ್ಯಾಯರ ಮತ್ತು ಶಾಲಾ ನಿರ್ವಹಣಾ ಸಮಿತಿಯ ಒಪ್ಪಿಗೆ ಪಡೆದು, ವಾರಕ್ಕೆ ಎರಡು ದಿನ ಮಕ್ಕಳ ಪಕ್ಕದಲ್ಲಿ ಕುಳಿತು ಅವರು ಓದುವುದನ್ನು ಕೇಳಲಿ. ಅಲ್ಲಿ ಧರ್ಮಬೋಧನೆಯೂ ಬೇಡ, ಫಲಕವೂ ಬೇಡ.

ಇದು ಸರ್ಕಾರದ ಕರ್ತವ್ಯವಲ್ಲವೇ ಎಂಬ ಆಕ್ಷೇಪ ನ್ಯಾಯವಾದುದೇ. ಶಿಕ್ಷಕರ ನೇಮಕಾತಿ, ವೇತನ, ಕಟ್ಟಡ ಸರ್ಕಾರದವೇ ಆಗಿರಬೇಕು. ದಾನವು ಅವುಗಳ ಬದಲಿಯಾಗಬಾರದು. ಕನ್ನಡವೇ ಸೊರಗುತ್ತಿರುವಾಗ ತಮಿಳಿಗೇಕೆ ದುಡಿಯಬೇಕು ಎಂಬುದು ಇನ್ನೊಂದು ಆಕ್ಷೇಪ. ತಮಿಳು ವ್ಯಾಕರಣ ‘ನನ್ನೂಲ್’ ರಚಿಸಿದ ಪವಣಂದಿ ಜೈನ ಮುನಿ. ಅವರಿಗೆ ಆಶ್ರಯವಿತ್ತ ಸೀಯಗಂಗನು ಗಂಗವಂಶದವನು. ನೆಲದ ಭಾಷೆಗೆ ದುಡಿದುದರಿಂದ ಮನೆಯ ಭಾಷೆಗೆ ಕುಂದುಂಟೆಂದು ಅವರು ಭಾವಿಸಲಿಲ್ಲ. ಒಂದು ಲಿಪಿಯನ್ನು ಸರಾಗವಾಗಿ ಓದುವ ಮಗುವಿಗೆ ಎರಡನೆಯದು ಹೊರೆಯಾಗುವುದೂ ಇಲ್ಲ.

ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿ. ಷಟ್ಖಂಡಾಗಮ ಲಿಪಿಬದ್ಧವಾದುದರ ನೆನಪಿಗೆ ಅಂದು ಬಸದಿಗಳಲ್ಲಿ ಗ್ರಂಥಗಳಿಗೆ ಪೂಜೆ ಸಲ್ಲುತ್ತದೆ. ಅದನ್ನು ರಚಿಸಿದ ಇಬ್ಬರು ಆಚಾರ್ಯರಲ್ಲಿ ಪುಷ್ಪದಂತರು ವನವಾಸಿ ನಾಡಿಗೂ ಭೂತಬಲಿಗಳು ದ್ರಮಿಳ ದೇಶಕ್ಕೂ ತೆರಳಿದರೆಂದು ಪರಂಪರೆ ಹೇಳುತ್ತದೆ. ತಮಿಳುನಾಡಿನ ಶಾಲೆಗಳು ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆಯುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಪೂಜೆ ಮುಗಿದ ವಾರದಲ್ಲಿಯೇ ಪುಸ್ತಕಗಳ ಮೊದಲ ಕಟ್ಟು ಪಕ್ಕದ ಪಾಲಿಕೆ ಶಾಲೆಯನ್ನು ತಲುಪಲಿ.