ಪಡಸಾಲೆಗೆ ಬಂದ ಕಚೇರಿ

ಮನೆಯಲ್ಲಿ ಕುಳಿತು ದುಡಿಯುವುದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂಬ ನಮ್ಮ ಈ ಮೂರೂರಿಗೆ ಹೊಸದೇನಲ್ಲ. ಗಣ್ಯರ ಕೊರಳಿಗೆ ಬೀಳುವ ಹಾವೇರಿಯ ಏಲಕ್ಕಿ ಹಾರ ಪಟವೇಗಾರ ಕುಟುಂಬದ ಮನೆಯೊಳಗೇ ಕಾಯಿ ಕಾಯಿ ಪೋಣಿಸಿ ಆದದ್ದು. ರಾಣೆಬೆನ್ನೂರು ತಾಲ್ಲೂಕಿನ ತುಮ್ಮಿನಕಟ್ಟಿಯಲ್ಲಿ ಮಗ್ಗಕ್ಕೂ ಒಲೆಗೂ ಒಂದೇ ಸೂರು. ಬ್ಯಾಡಗಿಯಲ್ಲಿ ಸುಗ್ಗಿ ಬಂತೆಂದರೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಕೈ ಬೆಳಗಿನಿಂದ ಸಂಜೆವರೆಗೆ ನಿಂತದ್ದಿಲ್ಲ. ಆ ಕೆಲಸಗಳು ಮೌನವನ್ನು ಬೇಡುತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು. ಬಾಯಿಗೆ ಊರ ಸುದ್ದಿ ಇತ್ತು, ತೊಡೆಯ ಮೇಲೆ ಕೂಸು ಇತ್ತು. ಹೊತ್ತು ಮುಳುಗುವಾಗ ಕಣ್ಣೆದುರು ರಾಶಿ ಬಿದ್ದಿರುತ್ತಿತ್ತು, ಆದ್ದರಿಂದ ‘ದಿನವೆಲ್ಲ ಏನು ಮಾಡಿದಿ’ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

2020ರ ಯುಗಾದಿ ಬಿದ್ದದ್ದು ಮಾರ್ಚ್ 25ರಂದು, ಕೊರೊನಾದಿಂದಾಗಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಮೊದಲ ದಿನ. ಅದರ ಆಸುಪಾಸಿನಲ್ಲಿ ಬೆಂಗಳೂರು, ಪುಣೆಗಳಿಂದ ಬಂದಿಳಿದ ಮಕ್ಕಳನ್ನು ನಮ್ಮ ಮನೆಗಳು ಹಬ್ಬಕ್ಕೆ ಬಂದವರಂತೆಯೇ ಬರಮಾಡಿಕೊಂಡವು. ಬಟ್ಟೆಯ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇದ್ದದ್ದನ್ನು ಯಾರೂ ದೊಡ್ಡ ಸಂಗತಿಯೆಂದು ಎಣಿಸಲಿಲ್ಲ. ಇಪ್ಪತ್ತೊಂದು ದಿನದ ಮಾತು ಎಂದದ್ದು ಹಲವರ ಪಾಲಿಗೆ ಎರಡು ವರ್ಷವಾಯಿತು. ಪಡಸಾಲೆಯ ಮೂಲೆಯಲ್ಲಿ ಹೊಲಿಗೆ ಮಷೀನಿನ ಮೇಜು ಕಚೇರಿಯಾಯಿತು. ‘ಏನ ತಮ್ಮಾ, ನೌಕರಿ ಬಿಟ್ಟ ಬಂದೀ ಏನು?’ ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳಿದರೆ, ಒಳಗಿನಿಂದ ಅವ್ವ, ‘ಸುಮ್ನ ಕುಂತೀಯಲ್ಲ, ಗಿರಣಿಗೆ ಹೋಗಿ ಜ್ವಾಳ ಬೀಸಿಸ್ಕೊಂಡ ಬಾ’ ಎನ್ನುತ್ತಿದ್ದರು. ಅವರದೇನೂ ತಪ್ಪಿಲ್ಲ. ಪರದೆ ನೋಡುತ್ತ ಕೂತವನ ಮುಂದೆ ರಾಶಿ ಬೀಳುತ್ತಿರಲಿಲ್ಲ; ಅವನು ದುಡಿಯುತ್ತಿದ್ದಾನೋ ಸಿನಿಮಾ ನೋಡುತ್ತಿದ್ದಾನೋ ಎಂದು ಅವರು ಹೇಗೆ ತಿಳಿಯಬೇಕು?

ಅದೇ ಬೇಸಿಗೆ ದಾಟಿ ಶಾಲೆಯೂ ಮನೆಗೆ ಬಂತು. ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠ ಶುರುವಾದ ಮೇಲೆ ಟಿವಿಯ ಸದ್ದು ಕಡಿಮೆ ಮಾಡಿ ಎನ್ನುವ ಹಕ್ಕೂ ಹೋಯಿತು. ಕರೆಂಟು ಹೋದರೆ ಮೀಟಿಂಗು ಹೋಯಿತು. ಬ್ಯಾಡಗಿಯವರಿಗಂತೂ ಇನ್ನೊಂದು ಕಾಟ: ಮಾರುಕಟ್ಟೆ ತೆರೆದು ಗಾಳಿಯಲ್ಲಿ ಘಾಟು ಏರಿದ ದಿನ ಮೈಕು ಬಂದ್ ಮಾಡದೆ ಸೀನಿದರೆ ಹೈದರಾಬಾದಿನಲ್ಲಿ ಕೂತ ಮೇಲಧಿಕಾರಿ ಗಾಬರಿಯಾಗುತ್ತಿದ್ದ ಕಾಲವದು.

ಜನ ಉಪಾಯ ಹುಡುಕಿದರು. ಕೆಲವರು ಮಾಳಿಗೆಯ ತಗಡಿನ ಕೋಣೆ ಹಿಡಿದು ಏಪ್ರಿಲ್ಲಿನ ಬಿಸಿಲಿಗೆ ಬೆಂದು ಇಳಿದುಬಂದರು. ಕೆಲವರು ಕದ ಹಾಕಿಕೊಂಡರು. ಆದರೆ ಹಗಲು ಹೊತ್ತು ಕೋಣೆಯ ಕದ ಮುಚ್ಚಿದ್ದರೆ ನಮ್ಮ ಕಡೆ ಒಳಗಿದ್ದವರಿಗೆ ಮೈ ಸರಿಯಿಲ್ಲ, ಇಲ್ಲವೇ ಮನೆಯಲ್ಲಿ ಜಗಳವಾಗಿದೆ ಎಂದು ಅರ್ಥ. ಫಲಿಸಿದ್ದು ಸರಳವಾದ ಒಪ್ಪಂದಗಳು: ಹತ್ತರಿಂದ ಒಂದರವರೆಗೆ ಕರೆಯುವುದಿಲ್ಲ, ಊಟಕ್ಕೆ ಮಾತ್ರ ತಾನೇ ಎದ್ದು ಬರುತ್ತಾನೆ, ಸಂಜೆ ಆರರ ಮೇಲೆ ಅವನು ಮನೆಯವನು. ಹೆಡ್‌ಫೋನ್ ಕಿವಿಯ ಮೇಲಿದ್ದರೆ ಮಾತಾಡಿಸಬಾರದೆಂದು ಚಿಕ್ಕ ಮಕ್ಕಳೂ ಕಲಿತವು. ಉಳಿದದ್ದು ಕೈಯಲ್ಲಿನ ಫೋನು. ಅಮೆರಿಕದ ಸಂಶೋಧಕಿ ಗ್ಲೋರಿಯಾ ಮಾರ್ಕ್ ವರ್ಷಗಟ್ಟಲೆ ಅಳೆದು ಕಂಡದ್ದು ಇದನ್ನೇ: 2004ರ ಸುಮಾರಿಗೆ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದ ಗಮನ ಈಚಿನ ವರ್ಷಗಳಲ್ಲಿ 47 ಸೆಕೆಂಡಿಗೆ ಇಳಿದಿದೆ, ಅಡ್ಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಮಗೆ ನಾವೇ ತಂದುಕೊಂಡವು. ಕುಕ್ಕರಿನ ಸೀಟಿಯನ್ನು ಬೈಯುತ್ತ ವಾಟ್ಸ್‌ಆ್ಯಪ್ ತೆರೆದವರು ಈ ಮಾತನ್ನು ಗಮನಿಸಬೇಕು. ಫೋನನ್ನು ದೇವರ ಕೋಣೆಯಲ್ಲಿಟ್ಟು ಕೂತವರು ಕೆಲಸ ಬೇಗ ಮುಗಿಸಿದರು.

ಆದರೆ ಈ ಲೆಕ್ಕದಲ್ಲಿ ಒಂದು ಬಾಕಿಯನ್ನು ನಾವು ಬರೆಯಲೇ ಇಲ್ಲ. ಮನೆ ಮೌನವನ್ನು ಕೊಟ್ಟದ್ದು ಮಗನಿಗೆ. ಅದೇ ಸಂಬಳ ತರುವ ಸೊಸೆ ಬೆಳಗಿನ ರೊಟ್ಟಿ ಬಡಿದು ಮೇಜಿಗೆ ಕೂತರೆ, ಹತ್ತು ನಿಮಿಷಕ್ಕೊಮ್ಮೆ ಹಾಲು, ಕೂಸು, ಮಾವನವರ ಗುಳಿಗೆ, ಬಾಗಿಲಿಗೆ ಬಂದ ತರಕಾರಿ ಗಾಡಿ. ಅವಳಿಗೆ ಕದ ಹಾಕಿಕೊಳ್ಳುವ ಧೈರ್ಯವೂ ಇರಲಿಲ್ಲ. ಮನಸ್ಸಿಟ್ಟು ಮಾಡಬೇಕಾದ ಕೆಲಸವನ್ನು ಅವಳು ನಸುಕಿನ ನಾಲ್ಕಕ್ಕೋ ಎಲ್ಲರೂ ಮಲಗಿದ ಮೇಲೋ ಮಾಡಿದಳು. ಗಮನ ಕೆಡದಂತೆ ಕೆಲಸ ಮಾಡುವುದು ಹೇಗೆಂದು ಪತ್ರಿಕೆಗಳಲ್ಲಿ ನಾವು ಧಾರಾಳವಾಗಿ ಬರೆದ ಸಲಹೆಗಳೆಲ್ಲ, ಇನ್ನೊಬ್ಬರು ಅಡುಗೆಮನೆಯಲ್ಲಿ ನಿಂತಿದ್ದಾರೆ ಎಂದು ನಂಬಿಯೇ ಹುಟ್ಟಿದವು.

ಭರವಸೆಗಳೂ ನೆನಪಿನಲ್ಲಿವೆ. 2020ರ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ನಿಯಮಗಳನ್ನು ಸಡಿಲಿಸಿತು, ಎಲ್ಲಿಂದಲಾದರೂ ಕೆಲಸ ಮಾಡಬಹುದೆಂಬ ಉತ್ಸಾಹ ಹಬ್ಬಿತು. ರಾಜ್ಯದಲ್ಲಿ ‘ಬಿಯಾಂಡ್ ಬೆಂಗಳೂರು’ ಎಂಬ ಘೋಷಣೆ ಕೇಳಿಬಂತು. ಅದರ ಬೆಳಕು ಹುಬ್ಬಳ್ಳಿ, ಮೈಸೂರು, ಮಂಗಳೂರುಗಳ ಮೇಲೆ ಬಿತ್ತು, ಹೆದ್ದಾರಿಯ ಆಸುಪಾಸಿನಲ್ಲೇ ಇರುವ ನಮ್ಮೂರುಗಳನ್ನು ದಾಟಿಕೊಂಡು ಹೋಯಿತು. ಕೊರೊನಾದಿಂದ ಮುಂದೆ ಮುಂದೆ ಹೋದ 86ನೇ ಸಾಹಿತ್ಯ ಸಮ್ಮೇಳನ 2023ರ ಜನವರಿಯಲ್ಲಿ ಹಾವೇರಿಯಲ್ಲಿ ನೆರೆಯುವ ಹೊತ್ತಿಗೆ ಕಂಪನಿಗಳು ಮಕ್ಕಳನ್ನು ಮರಳಿ ಕರೆಯತೊಡಗಿದ್ದವು. ರಾತ್ರಿ ರೈಲಿನ ಟಿಕೆಟ್ಟು ಮತ್ತೆ ದುರ್ಲಭವಾಯಿತು. ಮುದುಕರಾದ ತಂದೆತಾಯಿಗೆ ಆ ಎರಡು ವರ್ಷ ಮಕ್ಕಳು ಸಿಕ್ಕರಲ್ಲ, ಅದು ಸಣ್ಣ ಗಳಿಕೆಯಲ್ಲ. ಮಕ್ಕಳ ಕೆಲಸವೆಂದರೇನೆಂದು ಅವರು ಮೊದಲ ಸಲ ಕಣ್ಣಾರೆ ಕಂಡರು.

ಈಗಲೂ ವಾರದ ಎರಡು ದಿನ ಊರಿನಿಂದ ದುಡಿಯುವವರಿದ್ದಾರೆ, ಪೂರ್ತಿ ಇಲ್ಲೇ ನಿಂತವರೂ ಇದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ನರೇಗಾ ಕೂಲಿಕಾರರ ಮಕ್ಕಳಿಗೆಂದು ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದದ್ದು ಒಳ್ಳೆಯ ಕೆಲಸ. ಅಂಥದೊಂದು ಪಟ್ಟಣಕ್ಕೂ ಬರಲಿ. ಮೂರೂ ಊರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕರೆಂಟು ಹೋದರೂ ನಿಲ್ಲದ ನೆಟ್, ನಾಲ್ಕಾರು ಮೇಜು, ಹೆಂಗಸರಿಗೆ ಬೇರೆ ಶೌಚಾಲಯ ಇರಲಿ. ಮುಂದಿನ ಬಜೆಟ್ ಸಭೆಗೆ ಮುನ್ನ ನಮ್ಮ ನಗರಸಭೆ, ಪುರಸಭೆಗಳು ಇದಕ್ಕೆ ತಗಲುವ ಖರ್ಚನ್ನಾದರೂ ಬರೆದು ನೋಡಲಿ.