44,015 ಕೋಟಿ ಮತ್ತು ಒಂದು ರೂಪಾಯಿ



ಮೊನ್ನೆ ಜಮಖಂಡಿಯ ಚಾ ಅಂಗಡಿಯೊಳಗ ನಮ್ಮ ಹುಡುಗರ ವಾದ ಜೋರು ನಡೆದಿತ್ತು. ಗದ್ದಿಗೌಡರ ಸಾಹೇಬ್ರು 2004ರಿಂದ ಸತತ ಐದು ಸಲ ಗೆದ್ದು ಏನು ಮಾಡಿದ್ರು ಅಂತ. 'ಕುಡಚಿ ರೈಲು ಎಲ್ಲೈತಿ' ಅಂದ ಒಬ್ಬ. 'ಮನುಷ್ಯ ಸಂಭಾವಿತ ಬಿಡೋ, ಯಾರಿಗೂ ಕೆಟ್ಟ ಮಾತಾಡಾವಲ್ಲ' ಅಂದ ಇನ್ನೊಬ್ಬ. ರೈಲು 2010ರಲ್ಲಿ ಮಂಜೂರಾಗಿದ್ದು, ಆ ವಾದ ಅವತ್ತಿನಿಂದ ನಡದೈತಿ, ಇನ್ನೂ ನಡೀತೈತಿ. ಆದರೆ ದಿಲ್ಲಿಯಲ್ಲಿ ಅವರ ಕೈಗೆ ಬಂದಿದ್ದ ಕೆಲಸದ ಬಗ್ಗೆ ಒಬ್ಬನೂ ಬಾಯಿ ಬಿಡಲಿಲ್ಲ. ಗೊತ್ತಿದ್ದರಲ್ಲವೇ ಬಿಡೋದು. ನನಗೂ ತಡವಾಗಿಯೇ ಗೊತ್ತಾಯಿತು.

2019ರಿಂದ 2024ರವರೆಗೆ ಪಿ.ಸಿ. ಗದ್ದಿಗೌಡರ ಅವರು ಸಂಸತ್ತಿನ ಕೃಷಿ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದರು. ಸಣ್ಣ ಕುರ್ಚಿಯಲ್ಲ ಅದು. ದೇಶದ ಕೃಷಿ ಇಲಾಖೆ ಎಷ್ಟು ರೊಕ್ಕ ಕೇಳಿತು, ಎಷ್ಟು ಖರ್ಚು ಮಾಡಿತು, ಎಷ್ಟು ಉಳಿಸಿತು ಅಂತ ಅಧಿಕಾರಿಗಳನ್ನು ಎದುರಿಗೆ ಕೂಡಿಸಿ ಕೇಳುವ ಕುರ್ಚಿ. 2023ರ ಮಾರ್ಚ್‌ನಲ್ಲಿ ಆ ಸಮಿತಿ ಸಂಸತ್ತಿಗೆ ಒಂದು ವರದಿ ಕೊಟ್ಟಿತು. ಕೃಷಿ ಇಲಾಖೆ ಮೂರು ವರ್ಷದಲ್ಲಿ 44,015 ಕೋಟಿ ರೂಪಾಯಿ ಖರ್ಚು ಮಾಡದೆ ವಾಪಸ್ ಕೊಟ್ಟಿದೆ ಅಂತ ಅದರಲ್ಲಿದೆ. ಯಾಕೆ ವಾಪಸ್ ಅಂತ ಕೇಳಿದರೆ ಇಲಾಖೆ ಕೊಟ್ಟ ಉತ್ತರವನ್ನು ನಿಧಾನವಾಗಿ ಓದ್ರಿ: ಮುಖ್ಯವಾಗಿ ಈಶಾನ್ಯ ರಾಜ್ಯಗಳು, ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯಡಿ ಹಣದ ಅಗತ್ಯ ಕಡಿಮೆ ಬಿತ್ತಂತೆ.

ಅಗತ್ಯ ಕಡಿಮೆ. ನಮಗೆ.

ನಮ್ಮವ್ವ ಇಪ್ಪತ್ತು ಹಂಗಾಮು ಕಬ್ಬು ಕಡಿದಾಕಿ. ಕೈ ಮುಷ್ಟಿ ಪೂರ್ತಿ ಬಿಚ್ಚಾಕ ಬರಲ್ಲ ಈಗ. ಒಂದು ಸಲ ಪೇಟೆಯ ಒಂದು ಕಚೇರಿಗೆ ಸಬ್ಸಿಡಿ ಯಂತ್ರದ ಅರ್ಜಿ ಹಿಡಿದು ಹೋದಾಗ ಅಲ್ಲಿದ್ದವರು ಮೊದಲು ಕೇಳಿದ್ದು 'ಉತಾರ ತಂದೀರೇನು?' ಉತಾರ ಇದ್ದರೆ ಅವ್ವ ಇನ್ನೊಬ್ಬರ ಹೊಲದಾಗ ಕಬ್ಬು ಯಾಕೆ ಕಡೀತಿದ್ದಳು? ಪಿಎಂ ಕಿಸಾನ್ ಆರು ಸಾವಿರವೂ ಹಂಗ, ಹೊಲ ಹೆಸರಿಗಿದ್ದವರಿಗೆ ಮಾತ್ರ. ನಮ್ಮ ಹೆಸರಿನ ರೊಕ್ಕ ತೆಗೆದಿಡ್ತಾರ, ಅದನ್ನ ತಗೊಳ್ಳಾಕ ನಮ್ಮಲ್ಲಿ ಇಲ್ಲದ ಕಾಗದ ಕೇಳ್ತಾರ, ವರ್ಷದ ಕೊನೆಗೆ ಇವರಿಗೆ ಬೇಡವಾಗಿತ್ತು ಅಂತ ಬರೆದು ವಾಪಸ್ ಕಳಿಸ್ತಾರ.

ನ್ಯಾಯವಾಗಿ ಹೇಳಬೇಕಂದ್ರ, ಸಮಿತಿ ಇದನ್ನು ಮುಚ್ಚಿಡಲಿಲ್ಲ. ಹಣ ವಾಪಸ್ ಮಾಡುವ ಚಾಳಿ ನಿಲ್ಲಬೇಕು ಅಂತ ಬರೆಯಿತು. ಅಧ್ಯಕ್ಷರಿಗೆ ಅದರ ಶ್ರೇಯ ಸಲ್ಲಲಿ. ನನ್ನ ತಕರಾರು ಬೇರೆ. 2024ರ ಪ್ರಚಾರದಲ್ಲಿ ಮುಧೋಳ, ಬೀಳಗಿ, ರಬಕವಿ ಕಡೆ ನಾನು ನಿಂತು ಕೇಳಿದ ಯಾವ ಭಾಷಣದಲ್ಲೂ ಈ ಅಂಕಿ ಬರಲಿಲ್ಲ. ಅವರ ಪಕ್ಷದವರ ಬಾಯಲ್ಲೂ ಇಲ್ಲ, ಎದುರಾಳಿ ಕಾಂಗ್ರೆಸ್‌ನವರ ಬಾಯಲ್ಲೂ ಇಲ್ಲ. ನಮ್ಮ ಸಂಘಟನೆಗಳ ಕರಪತ್ರದಲ್ಲೂ ಇರಲಿಲ್ಲ. ಆ ಕರಪತ್ರದಲ್ಲಿ ಅರ್ಧ ನಾನೇ ಬರೆದದ್ದು.

ಅವರ ನಂತರ ಆ ಕುರ್ಚಿಗೆ ಬಂದವರು ಪಂಜಾಬಿನ ಚರಣಜಿತ್ ಸಿಂಗ್ ಚನ್ನಿ, ದಲಿತರು. 2024ರ ಡಿಸೆಂಬರ್‌ನ ವರದಿಯಲ್ಲೇ ಸಮಿತಿ ಕೃಷಿ ಕೂಲಿಕಾರರಿಗೆ ಕನಿಷ್ಠ ಜೀವನ ವೇತನದ ರಾಷ್ಟ್ರೀಯ ಆಯೋಗ ಬೇಕು, ಇಲಾಖೆಯ ಹೆಸರಿನಲ್ಲೇ 'ಕೃಷಿ ಕಾರ್ಮಿಕರು' ಅಂತ ಸೇರಿಸಬೇಕು ಅಂತ ಶಿಫಾರಸು ಮಾಡಿತು. ಶಿಫಾರಸು ಸರ್ಕಾರವನ್ನು ಕಟ್ಟಿಹಾಕಲ್ಲ, ಗೊತ್ತು. ಆದರೂ ಉತಾರ ಇಲ್ಲದವರನ್ನು ಕಣ್ಣಿಟ್ಟು ನೋಡಿದರೆ ಅದೇ ಕುರ್ಚಿಯಿಂದ ಏನು ಬರೆಸಬಹುದು ಅನ್ನೋದು ಗೊತ್ತಾಯಿತಲ್ಲ. ನಮ್ಮ ಜಿಲ್ಲೆಯ ಕಬ್ಬಿನ ಗದ್ದೆ ನೋಡಿದವರಿಗೆ ಅದು ಐದು ವರ್ಷ ಮೊದಲೇ ಹೊಳೆಯಬೇಕಿತ್ತು ಅನ್ನೋದು ನನ್ನ ಸಂಕಟ.

ಇನ್ನು ಚುನಾವಣೆಯ ರೊಕ್ಕ. ಲೋಕಸಭೆಗೆ ಒಬ್ಬ ಅಭ್ಯರ್ಥಿ 95 ಲಕ್ಷದವರೆಗೆ ಖರ್ಚು ಮಾಡಬಹುದು. ಪಕ್ಷಕ್ಕೆ ಮಿತಿಯೇ ಇಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್ 'ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅವನ ಲೆಕ್ಕಕ್ಕೇ ಬರಬೇಕು' ಅಂದಿತು. ಅದೇ ವರ್ಷ ಕಾಂಗ್ರೆಸ್ ಸರ್ಕಾರ ಕಾನೂನು ತಿದ್ದಿ ಆ ತೀರ್ಪನ್ನು ಬದಿಗೆ ಸರಿಸಿತು. 2017ರಲ್ಲಿ ಬಿಜೆಪಿ ಸರ್ಕಾರ ಹಣಕಾಸು ಮಸೂದೆಯ ಒಳಗೆ ಚುನಾವಣಾ ಬಾಂಡ್ ತೂರಿಸಿ, ಕಂಪನಿಗಳು ಲಾಭದ ಶೇ 7.5ರಷ್ಟು ಮಾತ್ರ ಕೊಡಬಹುದು ಅನ್ನೋ ಮಿತಿಯನ್ನೂ ಕಿತ್ತುಹಾಕಿತು. ನಮ್ಮ ಸಂಸದರು ಆಗ ಅದೇ ಸದನದಲ್ಲಿ ಆಡಳಿತ ಪಕ್ಷದ ಸದಸ್ಯರು. 2024ರ ಫೆಬ್ರುವರಿ 15ಕ್ಕೆ ಕೋರ್ಟ್ ಬಾಂಡ್ ರದ್ದು ಮಾಡಿತು. ಅಷ್ಟರೊಳಗೆ, 2019ರ ಏಪ್ರಿಲ್‌ನಿಂದ ಲೆಕ್ಕ ಹಾಕಿದರೆ, ಬಿಜೆಪಿಗೆ 6 ಸಾವಿರ ಕೋಟಿ ದಾಟಿ ಬಂದಿತ್ತು, ಕಾಂಗ್ರೆಸ್‌ಗೆ 1,400 ಕೋಟಿ ದಾಟಿ.

ದಿಲ್ಲಿ ದೂರ. ಇಲ್ಲೇ ನೋಡ್ರಿ. ಬೀಳಗಿಯಿಂದ ಮೂರು ಸಲ ಶಾಸಕರಾಗಿದ್ದ ಮುರುಗೇಶ ನಿರಾಣಿಯವರದು ಮುಧೋಳದಲ್ಲಿ ಸಕ್ಕರೆ ಕಾರ್ಖಾನೆ. 2024ರಲ್ಲಿ ಗದ್ದಿಗೌಡರ ವಿರುದ್ಧ ನಿಂತು 68 ಸಾವಿರ ಚಿಲ್ಲರೆ ಮತಗಳಿಂದ ಸೋತ ಸಂಯುಕ್ತಾ ಪಾಟೀಲರ ತಂದೆ ಶಿವಾನಂದ ಪಾಟೀಲರು ರಾಜ್ಯದ ಸಕ್ಕರೆ ಸಚಿವರು, ಜವಳಿ ಸಚಿವರೂ ಅವರೇ. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ, ನಾನು ಹಾಗೆ ಹೇಳ್ತಾನೂ ಇಲ್ಲ. ಕಬ್ಬಿನ ದರಕ್ಕೆ ರೈತರು ರಸ್ತೆಗಿಳಿದಾಗ ಒಂದು ಕಡೆ ಮಾಲೀಕರು, ಒಂದು ಕಡೆ ರೈತರು, ನಡುವೆ ಸಚಿವರು ಕೂತು ಮಾತಾಡ್ತಾರ. ಕಡಿಯೋರಿಗೆ ಆ ಕೋಣೆಯೊಳಗೆ ಕುರ್ಚಿ ಹಾಕಿದ್ದು ನಾನಂತೂ ಕಂಡಿಲ್ಲ. ಬನಹಟ್ಟಿಯ ಮಗ್ಗದ ಕೂಲಿಕಾರರದೂ ಅದೇ ಕಥೆ. 2020ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ಕೇಂದ್ರ ಮುಚ್ಚಿತು. ನೇಕಾರರ ಮಾತು ಕೇಳಲು ಇದ್ದ ಒಂದು ಕಿವಿ ಅದು.

'ಬರೇ ಬಿಜೆಪಿಯವರ ಮೇಲೆ ಬರೀತಿ' ಅಂತ ಕಮೆಂಟ್ ಹಾಕೋರಿಗೆ: ರಾಜ್ಯದ ಕಾಂಗ್ರೆಸ್ ಸರ್ಕಾರ ನಮ್ಮ ಎಸ್‌ಸಿಎಸ್‌ಪಿ–ಟಿಎಸ್‌ಪಿ ಹಣದಲ್ಲಿ 2023-24ರಲ್ಲಿ 11 ಸಾವಿರ ಕೋಟಿ, ಮರುವರ್ಷ 14 ಸಾವಿರ ಕೋಟಿ ಗ್ಯಾರಂಟಿಗಳಿಗೆ ತಿರುಗಿಸಿತು. ಗ್ಯಾರಂಟಿ ನಮ್ಮವ್ವಗೂ ಬರ್ತೈತಿ, ಬ್ಯಾಡ ಅನ್ನಲ್ಲ. ಆದರೆ ಗೌಡರ ಮನೆಯವ್ವಗೆ ರಾಜ್ಯದ ಬೊಕ್ಕಸದಿಂದ, ನಮ್ಮವ್ವಗೆ ನಮ್ಮದೇ ಗಂಟಿನಿಂದ ಕೊಟ್ಟರೆ ಅದಕ್ಕೆ ಏನಂತಾರ?

ನಮ್ಮ ತಪ್ಪೂ ಹೇಳ್ತೀನಿ. ಹಿಂದೊಮ್ಮೆ ನಮ್ಮ ಕೇರಿಯ ಭವನಕ್ಕೆ ಗುದ್ದಲಿ ಪೂಜೆ ಮಾಡಲು ಒಬ್ಬ ಜನಪ್ರತಿನಿಧಿ ಬಂದಿದ್ದರು, ಹೆಸರು ಬ್ಯಾಡ. ಶಾಲು ಹೊದಿಸಿ ಹಲಗಿ ಬಾರಿಸಿದವರಲ್ಲಿ ನಾನೂ ಒಬ್ಬ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಅದರಲ್ಲಿ ಶೇ 15, ಅಂದ್ರ 75 ಲಕ್ಷ, ಪರಿಶಿಷ್ಟ ಜಾತಿಯವರು ಇರುವ ಕಡೆಯೇ ಖರ್ಚಾಗಬೇಕು ಅಂತ ನಿಯಮವೇ ಇದೆ. ಅವತ್ತು ನನಗೆ ಇದು ತಿಳಿದಿರಲಿಲ್ಲ. ಹಕ್ಕಿನ ಹಣಕ್ಕೆ ಶಾಲು ಯಾಕೆ?

ಇನ್ನೊಂದು ನಿಯಮ. ಗೆದ್ದವರು, ಸೋತವರು ಎಲ್ಲರೂ ಫಲಿತಾಂಶ ಬಂದ 30 ದಿನದೊಳಗೆ ಚುನಾವಣಾ ಖರ್ಚಿನ ಲೆಕ್ಕ ಕೊಡಬೇಕು. ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ನಿಯಮದಲ್ಲಿರುವ ಶುಲ್ಕ ಒಂದು ರೂಪಾಯಿ. ದೃಢೀಕರಿಸಿದ ನಕಲು ಬೇಕಾದರೆ ಅದರ ಶುಲ್ಕ ಬೇರೆ.

ಬರುವ ಸೋಮವಾರ ನಾನು ಬಾಗಲಕೋಟೆ ನವನಗರದ ಡಿಸಿ ಕಚೇರಿಗೆ ಹೊಂಟೀನಿ. ಎರಡು ಅರ್ಜಿ ಬರೆದಿಟ್ಟೀನಿ. ಒಂದು ಖರ್ಚಿನ ಲೆಕ್ಕಕ್ಕೆ, ಗದ್ದಿಗೌಡರದ್ದೂ ಸಂಯುಕ್ತಾ ಪಾಟೀಲರದ್ದೂ. ಇನ್ನೊಂದು ಸಂಸದರ ನಿಧಿಯ ಆ ಶೇ 15 ಯಾವ ಯಾವ ಕೇರಿಗೆ ಹೋಯಿತು ಅಂತ, ಊರಿನ ಹೆಸರಿನ ಸಮೇತ. ಮುಧೋಳ, ಬೀಳಗಿ, ರಬಕವಿಯಿಂದ ಯಾರು ಬರ್ತೀರಿ ಹೇಳ್ರಿ. ಬೆಳಿಗ್ಗೆ ಹತ್ತಕ್ಕೆ ಗೇಟಿನ ಹತ್ತಿರ ಇರ್ತೀನಿ. ಆ ಒಂದು ರೂಪಾಯಿ ನಂದು.